ಬೊಜ್ಜು ಬೆಳೆದರೆ ಬಿಲ್ಲು ಕಟ್ಟುವವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ನನ್ನ ಕೆಲಸ. ಡಾಕ್ಟರ್ ಅಲ್ಲ, ಡಯಟೀಷಿಯನ್ನೂ ಅಲ್ಲ. ಆದರೆ ಶುಗರ್, ಬಿಪಿ, ಹಾರ್ಟು, ಮಂಡಿ ಅಂತ ಬರುವ ಫೈಲುಗಳೆಲ್ಲ ನನ್ನ ಮೇಜಿನ ಮೇಲೇ ಹಾದುಹೋಗುತ್ತವೆ. ಬಿಲ್ಲು ಕೈಗೆ ಬಂದಾಗ ಜನ ಕೇಳುವ ಪ್ರಶ್ನೆಗಳು, ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ನೆಂಟರು ಕೇಳುವ ಪ್ರಶ್ನೆಗಳು, ಎರಡೂ ಇಲ್ಲಿವೆ. ಮದ್ದು ಬೇಕಾದವರು ಡಾಕ್ಟರ್ ಹತ್ತಿರ ಹೋಗಿ. ದುಡ್ಡಿನ ಲೆಕ್ಕ ಬೇಕಾದವರು ಓದಿ.

ಬೊಜ್ಜು ನಿಜವಾಗ್ಲೂ ಜಾಸ್ತಿ ಆಗಿದೆಯಾ? ಸುಮ್ನೆ ಹೆದರಿಸ್ತಿದ್ದಾರಾ?

ಜಾಸ್ತಿ ಆಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಒಂದಿದೆ. ಮನೆಮನೆಗೆ ಹೋಗಿ ತೂಕ, ಎತ್ತರ ಅಳೆದು ಬರೆದುಕೊಳ್ಳುತ್ತಾರೆ. 2015-16ರಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 23 ಮಂದಿಗೆ ತೂಕ ಹೆಚ್ಚಿತ್ತು. 2019-21ರ ಹೊತ್ತಿಗೆ ಅದು 30 ಆಯಿತು. ಗಂಡಸರದ್ದು 22ರಿಂದ 31ಕ್ಕೆ ಹೋಯಿತು. ನಾಲ್ಕೈದು ವರ್ಷದಲ್ಲಿ ಇಷ್ಟು ಏರಿಕೆ! ಇಡೀ ದೇಶದ ಲೆಕ್ಕ ತೆಗೆದುಕೊಂಡರೆ ಹೆಂಗಸರಲ್ಲಿ 24, ಗಂಡಸರಲ್ಲಿ 23ರ ಹತ್ತಿರ ಇದೆ. ಅಂದರೆ ನಮ್ಮ ರಾಜ್ಯ ಸರಾಸರಿಗಿಂತ ಮುಂದಿದೆ. ಇಂಥದ್ದರಲ್ಲಿ ಮುಂದಿರೋದು ಬೇಡವಾಗಿತ್ತು.

ಇನ್ನೊಂದು ಮಾತು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 17 ಮಂದಿ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಒಂದೇ ಬೀದಿಯಲ್ಲಿ ಒಬ್ಬರಿಗೆ ಊಟ ಸಾಲದು, ಇನ್ನೊಬ್ಬರಿಗೆ ಊಟ ಜಾಸ್ತಿ. ಸರ್ಕಾರಿ ಆಸ್ಪತ್ರೆ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು.

ನಾನು ದಪ್ಪ ಇಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಇದೆ. ಪರವಾಗಿಲ್ಲ ಅಲ್ವಾ?

ಪರವಾಗಿದೆ. ನಮ್ಮ ಜನಕ್ಕೆ ಕೈಕಾಲು ಸಣ್ಣಗಿದ್ದು ಹೊಟ್ಟೆಯಲ್ಲೇ ಕೊಬ್ಬು ಕೂರುವುದು ಜಾಸ್ತಿ. ಲಿವರ್, ಕರುಳಿನ ಸುತ್ತ ಸೇರುವ ಈ ಕೊಬ್ಬೇ ಶುಗರ್‌ಗೆ, ಹಾರ್ಟ್ ತೊಂದರೆಗೆ ದಾರಿ ಮಾಡಿಕೊಡುತ್ತದೆ. ಅದಕ್ಕೇ ನಮ್ಮ ದೇಶದ ಡಾಕ್ಟರುಗಳು ಗೆರೆಯನ್ನು ಕೆಳಗೆ ಎಳೆದಿದ್ದಾರೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಂಕಿ, 30 ದಾಟಿದರೆ ಬೊಜ್ಜು ಅನ್ನುವುದು ಬೇರೆ ಕಡೆಯ ಲೆಕ್ಕ. ನಮಗೆ 23 ದಾಟಿದರೆ ತೂಕ ಹೆಚ್ಚು, 25 ಆದರೆ ಬೊಜ್ಜು. 170 ಸೆಂಟಿಮೀಟರ್ ಎತ್ತರದವರಿಗೆ 25 ಅಂದರೆ ಸುಮಾರು 72 ಕೆಜಿ. 155 ಸೆಂಟಿಮೀಟರ್ ಇದ್ದರೆ 60 ಕೆಜಿ. ಈ ಅಂಕಿ ಕೇಳಿ ನಮ್ಮ ಆಫೀಸಿನಲ್ಲಿ ಅರ್ಧ ಜನ ಮಾತು ಬದಲಾಯಿಸಿದರು.

ಸೊಂಟದ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇಲ್ಲೊಂದು ಮೋಸ ಇದೆ. ತುಂಬಾ ಜನ ಪ್ಯಾಂಟ್ ಸೈಜನ್ನೇ ಸೊಂಟದ ಅಳತೆ ಅಂದುಕೊಂಡಿದ್ದಾರೆ. "ನಂದು 34 ಇಂಚು ಸಾರ್, ಕಾಲೇಜಿಂದಾನೂ ಅದೇ" ಅನ್ನುತ್ತಾರೆ. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿಕೊಂಡು ನಿಂತಿರುತ್ತದೆ, ಹೊಟ್ಟೆ ಬೆಲ್ಟಿನ ಮೇಲೆ ಬಂದಿರುತ್ತದೆ. ಟೇಪು ಇಡಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯೆ. ಉಸಿರು ಬಿಟ್ಟ ಮೇಲೆ ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ಲೆಕ್ಕಕ್ಕಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಅಧ್ಯಯನವೊಂದು 2023ರಲ್ಲಿ ಹೊರಬಂತು. ಅದರ ಪ್ರಕಾರ ದೇಶದ ದೊಡ್ಡವರಲ್ಲಿ ನೂರಕ್ಕೆ ಸುಮಾರು 39 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಶುಗರ್ ಇರುವವರು 10 ಕೋಟಿಗೂ ಹೆಚ್ಚು. ಶುಗರ್ ಅಂಚಿನಲ್ಲಿರುವವರು 13 ಕೋಟಿಗೂ ಹೆಚ್ಚು.

ಬೆಂಗಳೂರಿನವರಿಗೇ ಯಾಕೆ ಹೀಗೆ?

ಬೆಂಗಳೂರಿಗೆ ಮಾತ್ರ ಅಂತಿಲ್ಲ. ಎಲ್ಲ ಪೇಟೆಗಳ ಕಥೆಯೂ ಇದೇ. ಆದರೆ ನಮ್ಮೂರು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. 2024ರಲ್ಲಿ ಇಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ ಅರ್ಧ ಗಂಟೆಗೂ ಹೆಚ್ಚು ಬೇಕಾಗಿತ್ತು. ಆಫೀಸಿಗೆ ಹೋಗಿ ಬರುವುದರಲ್ಲೇ ಎರಡು ಗಂಟೆ ಕೂತಲ್ಲೇ ಕಳೆಯುವವರು ಎಷ್ಟು ಜನ! ಆಫೀಸಲ್ಲಿ ಮತ್ತೆ ಎಂಟು ಗಂಟೆ ಕೂರುವುದು. ಮನೆ ಸೇರುವಾಗ ಒಂಬತ್ತು, ಊಟಕ್ಕೆ ಹತ್ತು, ಫೋನ್ ನೋಡಿ ಮಲಗುವಾಗ ಹನ್ನೆರಡೂವರೆ. ವಾಕಿಂಗ್ ಹೋಗಿ ಅಂದರೆ ಎಲ್ಲಿಗೆ ಹೋಗಬೇಕು? ಲಾಲ್‌ಬಾಗ್, ಕಬ್ಬನ್ ಪಾರ್ಕ್, ಸ್ಯಾಂಕಿ ಕೆರೆ ಹತ್ತಿರ ಇರುವವರು ಪುಣ್ಯವಂತರು. ಉಳಿದವರಿಗೆ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಪಾರ್ಕ್ ಮಾಡಿದ ಸ್ಕೂಟರ್, ಕಿತ್ತು ನಿಂತ ಚಪ್ಪಡಿ ಕಲ್ಲು. ನಡೆಯೋಕೆ ಜಾಗ ಕೊಡದೆ "ನಡೀರಿ, ನಡೀರಿ" ಅನ್ನುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರ ಲೆಕ್ಕದಲ್ಲಿ, 2000ದಲ್ಲಿ ಭಾರತದ ದೊಡ್ಡವರಲ್ಲಿ ನೂರಕ್ಕೆ 22 ಮಂದಿ ಮೈಗೆ ಸಾಲುವಷ್ಟು ಓಡಾಡುತ್ತಿರಲಿಲ್ಲ. 2022ಕ್ಕೆ ಅದು 49 ದಾಟಿದೆ. ಹೆಂಗಸರಲ್ಲಿ ಇನ್ನೂ ಜಾಸ್ತಿ. ಮನೆಕೆಲಸ ಎಲ್ಲಾ ಮಾಡ್ತಾರಲ್ಲ ಅನ್ನಬೇಡಿ. ಅಡುಗೆಮನೆಯಲ್ಲಿ ನಿಂತುಕೊಂಡೇ ಇರುವುದು ಬೇರೆ, ಉಸಿರು ಏರುವಂತೆ ನಡೆಯುವುದು ಬೇರೆ.

ತಪ್ಪೆಲ್ಲ ಮಸಾಲೆ ದೋಸೆಯದ್ದಾ?

ಪಾಪ, ದೋಸೆಯನ್ನು ಬಿಡಿ. ವಾರಕ್ಕೊಮ್ಮೆ ಬೆಣ್ಣೆ ದೋಸೆ ತಿಂದವರು ಯಾರೂ ಅದರಿಂದ ನಮ್ಮ ಆಸ್ಪತ್ರೆಗೆ ಬರುವುದಿಲ್ಲ. ಗಮನಕ್ಕೇ ಬಾರದ್ದನ್ನು ನೋಡಿ. ಮೊದಲನೆಯದು ಎಣ್ಣೆ. ಒಬ್ಬರಿಗೆ ವರ್ಷಕ್ಕೆ 12 ಕೆಜಿ ಸಾಕು ಅನ್ನುತ್ತದೆ ಐಸಿಎಂಆರ್. ದೇಶದ ಸರಾಸರಿ 19.7 ಕೆಜಿ ಅಂತ 2024ರ ನೀತಿ ಆಯೋಗದ ವರದಿ. ಮನೆಯ ಲೆಕ್ಕಕ್ಕೆ ಇಳಿಸಿದರೆ ತಲೆಗೆ ತಿಂಗಳಿಗೆ ಒಂದು ಕೆಜಿ. ನಾಲ್ಕು ಜನರ ಮನೆಯಲ್ಲಿ 5 ಲೀಟರ್ ಕ್ಯಾನ್ ತಿಂಗಳು ಮುಗಿಯುವ ಮೊದಲೇ ಖಾಲಿಯಾಗುತ್ತಿದ್ದರೆ, ಹೊರಗಡೆ ತಿಂದದ್ದು ಲೆಕ್ಕಕ್ಕೆ ಹಿಡಿಯದೆಯೇ ಮಿತಿ ದಾಟಿದ್ದೀರಿ.

ಎರಡನೆಯದು ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿರಲಿ ಅನ್ನುತ್ತಾರೆ. ಚಮಚಕ್ಕೆ 5 ಗ್ರಾಂ ಹಿಡಿದರೆ ಐದು ಚಮಚ. ಎರಡು ಚಮಚದ ಕಾಫಿ ಮೂರು ಸಲ ಕುಡಿದರೆ ಮುಗಿಯಿತು, ಬಿಸ್ಕತ್ತು ಇನ್ನೂ ಬಾಕಿ. ಬೈಟು ಕಾಫಿ ಕಂಡುಹಿಡಿದವರಿಗೆ ಈ ವಿಷಯದಲ್ಲಾದರೂ ಒಂದು ನಮಸ್ಕಾರ ಹಾಕಬೇಕು.

ರಾಗಿ ಮುದ್ದೆಗೆ ಬಂದರೆ ತೂಕ ಇಳಿಯುತ್ತಾ?

ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಅಕ್ಕಿಗಿಂತ ಜಾಸ್ತಿ. ಹೊಟ್ಟೆ ಹೆಚ್ಚು ಹೊತ್ತು ತುಂಬಿದ ಹಾಗಿರುತ್ತದೆ. ಆದರೆ ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ. ಎರಡು ಮುದ್ದೆ ಮುಗಿಸಿ ಮೇಲೆ ಅನ್ನ ಸಾರು ಉಂಡರೆ ರಾಗಿ ಏನು ಮಾಡೀತು?

ಅಮೆರಿಕದ ಹಾಗೆ ಆಗ್ತಿದ್ದೀವಾ?

ಅಷ್ಟು ದೂರ ಇನ್ನೂ ಹೋಗಿಲ್ಲ. ಅಲ್ಲಿ ದೊಡ್ಡವರಲ್ಲಿ ನೂರಕ್ಕೆ 40 ಮಂದಿಗೆ ಬೊಜ್ಜು, ಅದೂ ಬಿಎಂಐ 30ರ ಗೆರೆಯಲ್ಲಿ. ಬೊಜ್ಜಿನಿಂದ ಬರುವ ವೈದ್ಯಕೀಯ ಖರ್ಚು ವರ್ಷಕ್ಕೆ 17,300 ಕೋಟಿ ಡಾಲರ್ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಆದರೆ ಒಂದು ವ್ಯತ್ಯಾಸ ನೆನಪಿಡಿ. ಅವರು ಮೊದಲು ದುಡ್ಡು ಮಾಡಿಕೊಂಡರು, ಆಮೇಲೆ ದಪ್ಪ ಆದರು. ನಮ್ಮಲ್ಲಿ ಎಷ್ಟೋ ಮನೆಗಳು ಸಾಲ ತೀರಿಸುವ ಮೊದಲೇ ಶುಗರ್ ಬಂದು ಕೂತಿದೆ.

ಭಾರತಕ್ಕೆ ಎಷ್ಟು ಖರ್ಚು ಬೀಳ್ತಿದೆ?

2019ರ ವರ್ಷಕ್ಕೆ ಸುಮಾರು 2,900 ಕೋಟಿ ಡಾಲರ್, ಜಿಡಿಪಿಯ 1% ಹತ್ತಿರ ಅಂತ ಒಂದು ಅಂತರರಾಷ್ಟ್ರೀಯ ಅಂದಾಜಿದೆ. ಇದರಲ್ಲಿ ಆಸ್ಪತ್ರೆ ಖರ್ಚು ಮಾತ್ರ ಅಲ್ಲ, ರಜೆ ಹಾಕಿದ್ದು, ದುಡಿಯೋಕೆ ಆಗದೇ ಹೋದದ್ದು, ಬೇಗ ಸತ್ತದ್ದು ಎಲ್ಲವೂ ಸೇರಿದೆ. ಇಡೀ ಪ್ರಪಂಚದ ಲೆಕ್ಕ 2035ಕ್ಕೆ ವರ್ಷಕ್ಕೆ 4 ಲಕ್ಷ ಕೋಟಿ ಡಾಲರ್ ದಾಟಬಹುದು ಅಂತ ವರ್ಲ್ಡ್ ಒಬೆಸಿಟಿ ಫೆಡರೇಷನ್ 2023ರಲ್ಲಿ ಹೇಳಿತು.

ಇಷ್ಟು ದೊಡ್ಡ ಅಂಕಿ ಕೇಳಿದರೆ ನನಗಂತೂ ಏನೂ ಅನ್ನಿಸುವುದಿಲ್ಲ. ಮುಂದಿನ ಪ್ರಶ್ನೆಗೆ ಬನ್ನಿ.

ಅದನ್ನು ಸರ್ಕಾರ ತಾನೇ ಕೊಡೋದು?

ಇಲ್ಲ. ದೊಡ್ಡದೊಂದು ಪಾಲು ನೀವೇ ಕೊಡುತ್ತೀರಿ, ಅದೂ ಗೊತ್ತಾಗದ ಹಾಗೆ. 2021-22ರ ಸರ್ಕಾರಿ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ 39.4% ಜನರ ಜೇಬಿನಿಂದಲೇ ಹೋಗಿದೆ. 2013-14ರಲ್ಲಿ ಇದು 64% ಇತ್ತು. ಇಳಿದಿರುವುದು ನಿಜ. ಆದರೆ ಬೊಜ್ಜಿನ ಜೊತೆ ಬರುವ ಕಾಯಿಲೆಗಳ ಸ್ವಭಾವವೇ ಬೇರೆ. ಒಂದು ಸಲ ಬಂದು ವಾಸಿಯಾಗಿ ಹೋಗುವುದಲ್ಲ, ತಿಂಗಳು ತಿಂಗಳು ಕಂತು ಕಟ್ಟಿಸಿಕೊಳ್ಳುತ್ತವೆ.

ಒಂದು ಲೆಕ್ಕ ಹಾಕೋಣ. ಶುಗರ್ ಮಾತ್ರೆ, ಬಿಪಿ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ, ಮೂರು ತಿಂಗಳಿಗೊಂದು ರಕ್ತಪರೀಕ್ಷೆ, ಡಾಕ್ಟರ್ ಫೀಸು, ಎಲ್ಲಾ ಸೇರಿ ತಿಂಗಳಿಗೆ 2,000 ರೂಪಾಯಿ ಅಂದುಕೊಳ್ಳಿ. 40ನೇ ವಯಸ್ಸಿಗೆ ಶುರುವಾದರೆ 60ಕ್ಕೆ ಬರುವಷ್ಟರಲ್ಲಿ 4,80,000 ರೂಪಾಯಿ. ಒಂದು ದಿನವೂ ಅಡ್ಮಿಟ್ ಆಗಿರುವುದಿಲ್ಲ. ಆದರೂ 5 ಲಕ್ಷದ ಪಾಲಿಸಿಯಷ್ಟು ದುಡ್ಡು ಮೆಡಿಕಲ್ ಶಾಪಿಗೆ ಹೋಗಿರುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಇದ್ದರೆ ಎರಡರಷ್ಟು. ಜನೌಷಧಿ ಕೇಂದ್ರದಲ್ಲಿ ಇದೇ ಮಾತ್ರೆಗಳು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ಡಾಕ್ಟರ್ ಹತ್ತಿರ ಕೇಳಿ ಬದಲಾಯಿಸಿಕೊಳ್ಳಿ. ಕೇಳೋಕೆ ನಾಚಿಕೆ ಪಡುವವರೇ ಜಾಸ್ತಿ.

ಇದು ತೊಂದರೆ ಇಲ್ಲದೆ ನಡೆದರೆ. ಕಿಡ್ನಿ ಕೈಕೊಟ್ಟರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್. ಒಬ್ಬರು ರೋಗಿ, ಜೊತೆಗೆ ಕೆಲಸ ಬಿಟ್ಟು ಬರುವವರು ಇನ್ನೊಬ್ಬರು. ಆ ಎರಡನೆಯವರ ಸಂಬಳ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಹಾರ್ಟಿನ ರಕ್ತನಾಳಕ್ಕೆ ಹಾಕುವ ಸ್ಟೆಂಟ್ ಮತ್ತು ಮಂಡಿ ಇಂಪ್ಲಾಂಟ್ ಬೆಲೆಗೆ 2017ರಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು, ಒಳ್ಳೆಯ ಕೆಲಸ. ಆದರೆ ಬಿಲ್ಲಿನಲ್ಲಿ ಸ್ಟೆಂಟ್ ಒಂದು ಸಾಲು ಮಾತ್ರ. ಉಳಿದ ಸಾಲುಗಳಿಗೆ ಆ ಮಿತಿ ಇಲ್ಲ.

ನಮ್ಮ ಹತ್ತಿರ ಇನ್ಶೂರೆನ್ಸ್ ಇದೆಯಲ್ಲ?

ಇದೆ. ಎಷ್ಟು ಇದೆ, ಯಾವುದಕ್ಕೆ ಇದೆ ಅಂತ ಯಾವತ್ತಾದರೂ ಓದಿದ್ದೀರಾ? ಮಾತ್ರೆ, ಟೆಸ್ಟು, ಡಾಕ್ಟರ್ ಫೀಸು ಹೆಚ್ಚಿನ ಪಾಲಿಸಿಗಳಲ್ಲಿ ಬರುವುದಿಲ್ಲ. ಅಡ್ಮಿಟ್ ಆದರೆ ಮಾತ್ರ ದುಡ್ಡು.

ಅಡ್ಮಿಟ್ ಆದಾಗಲೂ ರೂಮ್ ರೆಂಟ್ ನೋಡಿಕೊಳ್ಳಿ. 5 ಲಕ್ಷದ ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 1% ಅಂತ ಮಿತಿ ಇದ್ದರೆ 5,000 ರೂಪಾಯಿ. "ಅಪ್ಪನಿಗೆ ಒಳ್ಳೆ ರೂಮ್ ಇರಲಿ" ಅಂತ 8,000ದ ರೂಮ್ ತೆಗೆದುಕೊಂಡರೆ ಕೈಯಿಂದ ಹೋಗುವುದು ಬರೀ 3,000 ಅಲ್ಲ. ಡಾಕ್ಟರ್ ಫೀಸು, ಓಟಿ ಚಾರ್ಜು, ನರ್ಸಿಂಗ್ ಎಲ್ಲದರಲ್ಲೂ ಎಂಟರಲ್ಲಿ ಐದು ಪಾಲು ಮಾತ್ರ ಕೊಡುತ್ತಾರೆ. ಡಿಸ್ಚಾರ್ಜ್ ದಿನ ನನ್ನ ಕೌಂಟರಿನಲ್ಲಿ ಆಗುವ ಜಗಳಗಳಲ್ಲಿ ಅರ್ಧದಷ್ಟು ಇದರದ್ದೇ.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಮಾತ್ರ, ವರ್ಷಕ್ಕೆ 1.5 ಲಕ್ಷದ ಒಳಗೆ. ತುರ್ತು ಕೇಸು ಬಿಟ್ಟರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕಾಗುತ್ತದೆ, ನೇರ ನಮ್ಮ ಹತ್ತಿರ ಬಂದು ನಿಂತರೆ ನಾನೂ ಏನೂ ಮಾಡೋಕೆ ಆಗುವುದಿಲ್ಲ.

ಫಾರ್ಮಿನಲ್ಲಿ ತೂಕ ಸ್ವಲ್ಪ ಕಡಿಮೆ ಬರೆದರೆ ಏನಾಗುತ್ತೆ?

ಈ ಪ್ರಶ್ನೆಯನ್ನು ಎಲ್ಲರೂ ಮೆಲ್ಲಗೆ ಕೇಳುತ್ತಾರೆ. ಪಾಲಿಸಿ ಫಾರ್ಮಿನಲ್ಲಿ ಎತ್ತರ, ತೂಕ, ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಇರುತ್ತದೆ. ಬಿಎಂಐ ಜಾಸ್ತಿ ಇದ್ದರೆ ಟೆಸ್ಟ್ ಮಾಡಿಸಿ ಅನ್ನಬಹುದು, ಪ್ರೀಮಿಯಂ ಮೇಲೆ ಲೋಡಿಂಗ್ ಅಂತ ಹೆಚ್ಚುವರಿ ದುಡ್ಡು ಹಾಕಬಹುದು, ಬೇಡ ಅಂತಲೂ ಹೇಳಬಹುದು. ಅದಕ್ಕೆ ಹೆದರಿ ಏಜೆಂಟೇ ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಹಾಕಿಸಿಬಿಡುತ್ತಾನೆ.

ಸಿಕ್ಕಿಹಾಕಿಕೊಳ್ಳುವುದು ಎಲ್ಲಿ ಗೊತ್ತಾ? ಕ್ಯಾಷುಯಾಲಿಟಿಯಲ್ಲಿ. ಎದೆನೋವು ಅಂತ ಕರೆದುಕೊಂಡು ಬಂದಾಗ ಡ್ಯೂಟಿ ಡಾಕ್ಟರ್ ಕೇಳುತ್ತಾರೆ, "ಶುಗರ್ ಎಷ್ಟು ವರ್ಷದಿಂದ ಇದೆಯಮ್ಮಾ?" ಹೆಂಡತಿ ಗಾಬರಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಹೇಳಲೇಬೇಕು, ಚಿಕಿತ್ಸೆಯ ಪ್ರಶ್ನೆ. ಕೇಸ್ ಶೀಟಿನಲ್ಲಿ "ಕೆ/ಸಿ/ಓ ಡಿಎಂ, ಎಚ್‌ಟಿಎನ್, 6 ವರ್ಷ" ಅಂತ ಒಂದು ಸಾಲು ಬೀಳುತ್ತದೆ, ಅಂದರೆ ಶುಗರ್, ಬಿಪಿ ಆರು ವರ್ಷದಿಂದ ಇದೆ ಅಂತ. ಪಾಲಿಸಿ ತೆಗೆದುಕೊಂಡು ಎರಡು ವರ್ಷ ಆಗಿರುತ್ತದೆ. ಆ ಒಂದು ಸಾಲನ್ನು ಇನ್ಶೂರೆನ್ಸ್ ಕಂಪನಿ ಹಿಡಿದುಕೊಂಡರೆ ಕ್ಯಾಶ್‌ಲೆಸ್ ಅಲ್ಲೇ ನಿಂತಿತು. "ಆ ಸಾಲು ತೆಗೆಸಿಕೊಡಿ ಸಾರ್" ಅಂತ ನನ್ನ ಹತ್ತಿರ ಬಂದು ಅಳುವವರಿದ್ದಾರೆ. ತೆಗೆಯೋಕೆ ಬರುವುದಿಲ್ಲ.

ನಿಜ ಬರೆದರೆ ನಷ್ಟ ಅಷ್ಟೇನಿಲ್ಲ. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಅವಧಿ 2024ರ ಏಪ್ರಿಲ್‌ನಿಂದ ಹೆಚ್ಚೆಂದರೆ 3 ವರ್ಷ. ಮೊದಲು 4 ಇತ್ತು. 5 ವರ್ಷ ಬಿಡದೆ ಕಟ್ಟಿಕೊಂಡು ಬಂದರೆ, ವಂಚನೆ ಅಂತ ಸಾಬೀತಾಗದ ಹೊರತು, ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಳ್ಳಿಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ 18% ಜಿಎಸ್‌ಟಿ ಕೂಡ ಹೋಗಿದೆ.

ಕಂಪನಿ ಪಾಲಿಸಿ ಇದೆ, ಬೇರೆ ಯಾಕೆ?

ಕೆಲಸ ಇರುವವರೆಗೆ ಅದು ಚೆನ್ನಾಗಿರುತ್ತದೆ. ಹೆಚ್ಚಿನ ಕಡೆ ಮೊದಲ ದಿನದಿಂದಲೇ ಹಳೇ ಕಾಯಿಲೆಗೂ ಕವರ್ ಇರುತ್ತದೆ. ಕೆಲಸ ಹೋದ ದಿನ ಕವರೂ ಹೋಗುತ್ತದೆ. 45ರಲ್ಲಿ, 92 ಕೆಜಿ ತೂಕ, ಶುಗರ್ ಜೊತೆ ಹೊಸ ಪಾಲಿಸಿ ಕೇಳೋಕೆ ಹೋದರೆ ಬಾಗಿಲು ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ. ಕೆಲಸ ಬಿಡುವಾಗ ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶ ಇದೆಯಾ ಅಂತ ಎಚ್‌ಆರ್ ಹತ್ತಿರ ಕೇಳಿ. ನೋಟಿಸ್ ಪೀರಿಯಡ್ ಮುಗಿಯುವ ಮೊದಲೇ ಕೇಳಿ.

ಬೊಜ್ಜಿನ ಆಪರೇಷನ್‌ಗೆ ಕ್ಲೇಮ್ ಆಗುತ್ತಾ?

ನಿಯಮ ಬಿಗಿಯಾಗಿದೆ. 18 ದಾಟಿರಬೇಕು. ಡಾಕ್ಟರ್ ಸಲಹೆ ಇರಬೇಕು. ಬಿಎಂಐ 40 ಇರಬೇಕು, ಇಲ್ಲ 35 ದಾಟಿ ಜೊತೆಗೆ ಹಾರ್ಟ್ ತೊಂದರೆ, ಗಂಭೀರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹಿಡಿತಕ್ಕೆ ಬಾರದ ಶುಗರ್, ಇಂಥದ್ದಿರಬೇಕು. ಬೇರೆ ದಾರಿಗಳಿಂದ ತೂಕ ಇಳಿದಿಲ್ಲ ಅನ್ನುವುದಕ್ಕೂ ಕಾಗದ ಬೇಕು. ಹಳೇ ಪ್ರಿಸ್ಕ್ರಿಪ್ಷನ್‌ಗಳನ್ನು ಬಿಸಾಕಬೇಡಿ.

ವಾರಕ್ಕೊಂದು ಇಂಜೆಕ್ಷನ್ ತಗೊಂಡ್ರೆ ಇಳಿಯುತ್ತಂತೆ?

ಇಳಿಯುತ್ತದೆ, ಅದು ಸುಳ್ಳಲ್ಲ. ಸೆಮಾಗ್ಲುಟೈಡ್ ಅನ್ನುವ ಇಂಜೆಕ್ಷನ್ ತೆಗೆದುಕೊಂಡವರಲ್ಲಿ 68 ವಾರದಲ್ಲಿ ಸರಾಸರಿ 15% ತೂಕ ಇಳಿದದ್ದು ಪ್ರಯೋಗದಲ್ಲಿ ಕಂಡಿದೆ. ಟಿರ್ಜೆಪಟೈಡ್‌ನ ದೊಡ್ಡ ಡೋಸಿನಲ್ಲಿ 20% ಮೇಲೆ. ಟಿರ್ಜೆಪಟೈಡ್‌ನ ಬ್ರ್ಯಾಂಡ್ ಮೌಂಜಾರೊ 2025ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂದಾಗ ಕಡಿಮೆ ಡೋಸಿನ ಒಂದು ವಯಲ್ 3,500 ರೂಪಾಯಿ. ವಾರಕ್ಕೊಂದರಂತೆ ತಿಂಗಳಿಗೆ 14,000. ಸೆಮಾಗ್ಲುಟೈಡ್‌ನ ಬ್ರ್ಯಾಂಡ್ ವೆಗೊವಿ ಅದೇ ವರ್ಷ ಜೂನ್‌ನಲ್ಲಿ ಬಂತು, ತಿಂಗಳಿಗೆ 17,000 ಚಿಲ್ಲರೆಯಿಂದ ಶುರು, ಆಮೇಲೆ ಬೆಲೆ ಇಳಿಸಿದರು. ಸೆಮಾಗ್ಲುಟೈಡ್ ಪೇಟೆಂಟ್ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಆಮೇಲೆ ನಮ್ಮ ಕಂಪನಿಗಳೇ ಮಾಡಬಹುದು.

ಯಾರೂ ಹೇಳದ ಭಾಗ ಒಂದಿದೆ. ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿದೆ. ಹಾಗಾಗಿ ಮಗಳ ಮದುವೆಗೆ ಮೂರು ತಿಂಗಳು ತೆಗೆದುಕೊಂಡು ಬಿಡುತ್ತೇನೆ ಅನ್ನುವುದು ದುಡ್ಡು ದಂಡ. ವಾಂತಿ, ಹೊಟ್ಟೆ ತೊಳಸುವುದು ಬೇರೆ. ಡಾಕ್ಟರ್ ಚೀಟಿ ಇಲ್ಲದೆ, ಜಿಮ್ಮಿನವರು ಕೊಟ್ಟರು ಅಂತ ಚುಚ್ಚಿಸಿಕೊಳ್ಳಬೇಡಿ.

ಕುರುಕಲು ತಿಂಡಿಗೆ ತೆರಿಗೆ ಹಾಕಿದರೆ ಸರಿಹೋಗುತ್ತಾ?

ಸ್ವಲ್ಪ ಹೋಗುತ್ತದೆ. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಕ್ಕೆ ಲೀಟರಿಗೆ 1 ಪೆಸೊ ತೆರಿಗೆ ಹಾಕಿತು, ಮೊದಲ ವರ್ಷ ಖರೀದಿ ಸುಮಾರು 6% ಇಳಿಯಿತು. ಬ್ರಿಟನ್ 2018ರಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟೂ ತೆರಿಗೆ ಜಾಸ್ತಿ ಅಂತ ಮಾಡಿತು, ಕಂಪನಿಗಳೇ ಸಕ್ಕರೆ ಕಡಿಮೆ ಮಾಡಿದವು. ಪಕ್ಕದ ಕೇರಳ 2016ರಲ್ಲಿ ಪಿಜ್ಜಾ, ಬರ್ಗರ್‌ಗೆ 14.5% ಹಾಕಿತ್ತು, ಮರುವರ್ಷ ಜಿಎಸ್‌ಟಿ ಬಂದು ಅದು ಹೋಯಿತು. ಈಗ ನಮ್ಮಲ್ಲಿ ಸೋಡಾ ಪಾನೀಯಕ್ಕೆ 40% ಇದೆ. ಅದೇ 2025ರ ಸೆಪ್ಟೆಂಬರ್‌ನಲ್ಲಿ ಬಿಸ್ಕತ್ತು, ಚಾಕೊಲೇಟು, ನೂಡಲ್ಸ್, ಪ್ಯಾಕೆಟ್ ಮಿಕ್ಸ್ಚರ್‌ಗಳ ತೆರಿಗೆ 5%ಗೆ ಇಳಿಯಿತು. ಒಂದು ಕೈಯಲ್ಲಿ ಹೊಡೆದು ಇನ್ನೊಂದು ಕೈಯಲ್ಲಿ ಸವರಿದ ಹಾಗೆ. ತಿಂಡಿ ಅಗ್ಗವಾದದ್ದು ಬಡವರಿಗೆ ಒಳ್ಳೆಯದು ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಅಗ್ಗ ಆಗಬೇಕಾದ್ದು ತರಕಾರಿ, ಬೇಳೆ ಅಂತ ನನ್ನ ವಾದ.

ಮಕ್ಕಳು ಗುಂಡುಗುಂಡಗಿದ್ದರೆ ತಾನೇ ಚೆಂದ?

ಅಜ್ಜಿಯರ ಹತ್ತಿರ ಈ ವಾದ ಗೆದ್ದವರು ಯಾರೂ ಇಲ್ಲ. ದೇಶದಲ್ಲಿ ಐದು ವರ್ಷದೊಳಗಿನ ಹೆಚ್ಚು ತೂಕದ ಮಕ್ಕಳು, ಮೊದಲು ಹೇಳಿದ ಆ ಎರಡು ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ, 2.1%ರಿಂದ 3.4%ಗೆ ಏರಿದ್ದಾರೆ. ಸ್ಕೂಲ್ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರುವಂತಿಲ್ಲ ಅಂತ 2020ರಲ್ಲೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ. ನಿಮ್ಮ ಮಗುವಿನ ಸ್ಕೂಲ್ ಹತ್ತಿರ ಸಂಜೆ ನಾಲ್ಕಕ್ಕೆ ಒಮ್ಮೆ ನಿಂತು ನೋಡಿ.

ಎಷ್ಟು ಇಳಿಸಿದರೆ ಸಾಕು?

ಅಂದುಕೊಂಡದ್ದಕ್ಕಿಂತ ಕಡಿಮೆ. ಅಮೆರಿಕದಲ್ಲಿ ಶುಗರ್ ಅಂಚಿನಲ್ಲಿದ್ದವರಿಗೆ 7% ತೂಕ ಇಳಿಸುವ ಗುರಿ ಇಟ್ಟುಕೊಂಡು, ವಾರಕ್ಕೆ 150 ನಿಮಿಷ ನಡೆಯುವಂತೆ ಮಾಡಿದ ಅಧ್ಯಯನ 2002ರಲ್ಲಿ ಬಂತು. ಶುಗರ್ ಬರುವ ಸಾಧ್ಯತೆ 58% ಇಳಿದಿತ್ತು. ಚೆನ್ನೈನವರು ನಮ್ಮ ಜನರಲ್ಲೇ ಮಾಡಿದಾಗ 28% ಚಿಲ್ಲರೆ ಇಳಿಯಿತು, ಅಲ್ಲಿ ತೂಕ ಅಷ್ಟಾಗಿ ಇಳಿಯದೆಯೇ. 80 ಕೆಜಿಯವರಿಗೆ 7% ಅಂದರೆ ಐದೂವರೆ ಕೆಜಿ. ಇಷ್ಟು ಇಳಿದ ಕೂಡಲೇ ಮದುವೆ ಮನೆಯಲ್ಲಿ "ಯಾಕೋ ಸೊರಗಿ ಹೋಗಿದ್ದೀಯಲ್ಲೋ, ಹುಷಾರಿಲ್ವಾ?" ಅಂತ ಯಾರಾದರೂ ಕೇಳುತ್ತಾರೆ. ಕೇಳಲಿ.

ದುಡ್ಡಿಲ್ಲದೆ ಎಲ್ಲಿ ಟೆಸ್ಟ್ ಮಾಡಿಸಬಹುದು?

"ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ಕ್ಲಿನಿಕ್‌ಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಮನೆಗೇ ಬಂದು ತಪಾಸಣೆ ಮಾಡುವ ಏರ್ಪಾಡಿದೆ. ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದರೆ "ಆಮೇಲೆ ಬನ್ನಿ" ಅನ್ನಬೇಡಿ. ರಿಪೋರ್ಟ್ ಚೀಟಿಯ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ. ಕ್ಯಾಷುಯಾಲಿಟಿಗೆ ಬರುವ ದಿನ ನಿಮ್ಮ ಫೋನಿನ ಲಾಕ್ ತೆಗೆಯೋಕೆ ಯಾರಿಗೂ ಗೊತ್ತಿರುವುದಿಲ್ಲ.